ಒಂದು ಮಗ್ಗ ಸುಮ್ಮನಿರುವಾಗ

ಸೋಲಾಪುರ. ಟವೆಲ್ ಗೋದಾಮಿನ ಮೇಲಿನ ಕೋಣೆ.
ರಾತ್ರಿ ಒಂದೂ ಇಪ್ಪತ್ತು.
ಪಕ್ಕದ ಕಾರಖಾನೆಯಲ್ಲಿ ರಾತ್ರಿಪಾಳಿ,
ನೆಲ ನಡುಗುತ್ತದೆ, ನನ್ನ ಚಹಾದ ಮೇಲೆ
ಬಳೆಬಳೆಯಾಗಿ ಅಲೆ.

ರಕ್ತನಿಧಿಯ ಜಾಲತಾಣ ನನ್ನದು.
ನನ್ನದೆಂದರೆ, ನಾನು ಕಾಯುವುದು.
ಆರು ಸರ್ವರ್, ಆರಕ್ಕೂ ಇವತ್ತು ಹೊಸ ಆವೃತ್ತಿ.
'ಈ ಹೊತ್ತಿನ್ಯಾಗ ಯಾರಿರ್ತಾರ,
ಹತ್ತು ಮಿನಿಟು ಬಂದ್ ಮಾಡಿಬಿಡು,' ಅಂದ ಅಂಬಾದಾಸ.
ಪರದೆ ಅವನ ಕಡೆ ತಿರುಗಿಸಿದೆ. ನಲವತ್ತೊಂದು ಮಂದಿ.
ಮಂಗಳವೇಢೆಯಿಂದ ಒಬ್ಬ ಓ ನೆಗೆಟಿವ್ ಹುಡುಕುತ್ತಿದ್ದಾನೆ,
ಅಕ್ಷರ ತಪ್ಪಿ, ಅಳಿಸಿ, ಮತ್ತೆ ತಪ್ಪಿ.
ಅಂಬಾದಾಸ ಏನೂ ಅನ್ನದೆ ಇನ್ನೊಂದು ಚಹಾ ತರಲು ಹೋದ.

ಮೊದಲನೆಯದನ್ನು ಸಾಲಿನಿಂದ ಸರಿಸಿದೆ.
ಸರಿಸುವುದೆಂದರೆ ಹೊಸಬರನ್ನು
ಆ ಬಾಗಿಲಿಗೆ ಕಳಿಸದಿರುವುದು, ಅಷ್ಟೇ.
ಒಳಗಿದ್ದವರು ತಮ್ಮ ಕೆಲಸ ಮುಗಿಸಿಕೊಳ್ಳಲಿ.
ಒಂಬತ್ತು. ಆರು. ಆರು. ಎರಡು.
ಒಂದು.
ಆ ಒಂದು ಹೋಗಲೊಲ್ಲದು.
ನನಗೆ ಕಾಣುವುದು ಅಂಕಿ ಮಾತ್ರ, ಉಳಿದದ್ದು ಊಹೆ:
ಅರ್ಜಿ ಅರ್ಧ ತುಂಬಿ, ವಾರ್ಡ್ ನಂಬರು ಕೇಳಲು
ನರ್ಸಿನ ಹಿಂದೆ ಓಡಿರಬೇಕು.
ಹನ್ನೊಂದು ನಿಮಿಷ ಕೂತೆ.

ನನ್ನ ದೊಡ್ಡವ್ವ ನೀಲವ್ವ ಹಾಸು ಗಂಟು ಹಾಕುವವಳು.
ಮಗ್ಗದ ಹಾಸು ತೀರುವಾಗ
ಕಿತ್ತೆಸೆದು ಹೊಸದನ್ನು ಪೋಣಿಸುತ್ತ ಕೂತರೆ
ಎರಡು ಸಾವಿರದ ನಾನೂರು ಎಳೆ, ಹಬ್ಬ ಕಳೆದೀತು.
ಅದಕ್ಕೇ ಹಳೆಯ ತುದಿಗೆ ಹೊಸ ತುದಿ,
ಬೆರಳಿಗೆ ಬೂದಿ, ಒಂದು ತಿರುವು, ಒಂದು ಜಗ್ಗು.
ಜಗ್ಗಿದ ಮೇಲೂ ತಡೆದರೆ ಮುಂದಿನದು.
ಇಪ್ಪತ್ನಾಲ್ಕು ಮಗ್ಗದಲ್ಲಿ
ಅವಳು ಕೂತದ್ದೊಂದೇ ಸುಮ್ಮನೆ.
ಉಳಿದವು ಬಡಿಯುತ್ತಲೇ ಇರಬೇಕು.
'ಗದ್ದಲದಾಗ ಮಲಗಿದಾಂವ ಸೇಠ್,
ಸದ್ದು ನಿಂತ್ರ ಎದ್ದು ಬರ್ತಾನ,' ಅನ್ನುತ್ತಿದ್ದಳು.

ಹೋಯಿತು ಆ ಒಂದು.
ಹೊಸದನ್ನು ಕೂರಿಸಿ, ಬದುಕಿದ್ದೀಯಾ ಎಂದು ಕೇಳಿದೆ.
ಇದ್ದೇನೆ ಅಂದಿತು. ಮೂರು ಸಲ ಕೇಳಿದೆ, ಜಗ್ಗಿದ ಹಾಗೆ.
ನೂರರಲ್ಲಿ ಐದು ಮಂದಿಯನ್ನಷ್ಟೇ ಕಳಿಸಿ ನೋಡಿ,
ಆಮೇಲೆ ಬಾಗಿಲು ಪೂರ್ತಿ ತೆರೆದೆ.

ಎರಡನೆಯದು ಸಲೀಸು.
ಈಗ ಹೊಸದು ಎರಡು, ಹಳೆಯದು ನಾಲ್ಕು, ಒಂದೇ ದಫ್ತರ.
ಇದು ಬರೆದದ್ದನ್ನು ಅದು ಓದಬೇಕು, ಅದು ಬರೆದದ್ದನ್ನು ಇದು.
ಈ ಊರಿಗೆ ಅದು ರೂಢಿಯೇ:
ದೊಡ್ಡವ್ವ ಕನ್ನಡದಲ್ಲಿ ಬೈದರೆ
ಅಂಬಾದಾಸನ ಅಪ್ಪ ತೆಲುಗಿನಲ್ಲಿ ನಗುತ್ತಿದ್ದ,
ಸೇಠ್ ಪಗಾರ ಕಡಿಯುತ್ತಿದ್ದದ್ದು ಮರಾಠಿಯಲ್ಲಿ,
ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು.

ಮೂರನೆಯದರಲ್ಲಿ ಎಳೆ ಕಡಿಯಿತು.
ಕೇಳಿದರೆ ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ.
ಹಳೆಯದನ್ನೇ ಮರಳಿ ಕೂರಿಸಿ, ಕೈ ಒರೆಸಿಕೊಂಡು, ಹುಡುಕಿದೆ:
ಎರಡು ವರ್ಷದ ಕಸ ಡಿಸ್ಕಿನ ಕುತ್ತಿಗೆಯವರೆಗೆ.
ಗುಡಿಸದೆ ಬಿಟ್ಟವಳು ನಾನೇ.
ಯಾರನ್ನು ಬೈಯಲಿ. ಗುಡಿಸಿದೆ.

ಮೂರೂ ಐವತ್ತಕ್ಕೆ ಆರೂ ಮುಗಿದವು.
ಮಂಗಳವೇಢೆಯವನು ನಾಲ್ಕರಿಂದ ಎರಡಕ್ಕೆ ದಾಟಿದ್ದು
ಅವನಿಗೆ ಗೊತ್ತಾಗಿಲ್ಲ.
ರಕ್ತ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.
ಕೊನೆಗೆ ಒಂದು ಫೋನ್ ನಂಬರಿನ ಮೇಲೆ ಒತ್ತಿದ್ದಾನೆ.
ಅಲ್ಲಿಗೆ ನನ್ನ ಸಾಲು ಮುಗಿಯುತ್ತದೆ.

'ಏನಾತು?' ಕಣ್ಣುಜ್ಜುತ್ತ ಕೇಳಿದ ಅಂಬಾದಾಸ.
'ಏನೂ ಆಗಲಿಲ್ಲ,' ಅಂದೆ.

ಗಂಟುಗಳು ಹಣಿಗೆ ದಾಟಿ ಬಟ್ಟೆಗಿಳಿದಾಗ
ಗೇಣುದ್ದ ಜಾಗ ಗರಗರ, ಮಾರಾಟಕ್ಕೆ ಬಾರದು.
ಕತ್ತರಿಸಿ ದೊಡ್ಡವ್ವನ ಉಡಿಗೆ ಹಾಕುತ್ತಿದ್ದರು.
ನಮ್ಮ ಮನೆಯ ಕೌದಿಯೆಲ್ಲ ಅಂಥವೇ ಪಟ್ಟಿ.
ಬೆಳಗಿನ ಜಾವ ಹೊದ್ದು ಮಲಗಿದರೆ
ನಿದ್ದೆಗೆ ಮೊದಲು ಬೆರಳು ತಾನಾಗಿ ಹುಡುಕುತ್ತದೆ:
ಇಲ್ಲೊಂದು. ಇಲ್ಲೊಂದು.